ದಮ್ಮು ತಾಯಿಗೆ, ಹಾಲಿಗಲ್ಲ

ಡಿಸೆಂಬರ್–ಜನವರಿಯಲ್ಲಿ ಕಲಬುರಗಿ ಸುತ್ತ ತೊಗರಿ ರಾಶಿ ಶುರುವಾದರೆ ಹೊಟ್ಟಿನ ಧೂಳು ಹೊಲದಲ್ಲೇ ನಿಲ್ಲುವುದಿಲ್ಲ. ಕಮಲಾಪುರದ ಕಡೆ ಹೋಗುವ ದಾರಿಯ ಕಾಂಗ್ರೆಸ್ ಕಸವೂ ಜೊತೆಗೂಡಿದರೆ ಸೀನು, ಮೈತುರಿಕೆ, ದಮ್ಮು ಇದ್ದವರ ಪಾಡು ಕೇಳುವುದೇ ಬೇಡ. ಅಂಥ ಹೆಣ್ಣುಮಗಳು ಹಸಿ ಬಾಣಂತಿಯಾಗಿದ್ದರೆ ಮನೆಯ ಹಿರಿಯರಿಂದ ಮಾತು ಬಂದೇ ಬರುತ್ತದೆ: “ನಿನ್ನ ದಮ್ಮು ಕೂಸಿಗಿ ಹತ್ತೀತು, ಮೊಲಿ ಬಿಡಸವ್ವಾ.”

ಈ ಅಂಜಿಕೆ ಪೂರಾ ಸುಳ್ಳಲ್ಲ. ಅಲರ್ಜಿ ಇರುವ ತಾಯಂದಿರ ಹಾಲಿನಲ್ಲಿ ಕೊಬ್ಬಿನಾಮ್ಲಗಳ ಪ್ರಮಾಣ, ರೋಗನಿರೋಧಕ ಕಣಗಳ ನಡುವೆ ಸುದ್ದಿ ಮುಟ್ಟಿಸುವ ಸೈಟೊಕೈನ್‌ಗಳು ತುಸು ಬೇರೆ ಇರುವುದನ್ನು ಕೆಲವು ಅಧ್ಯಯನಗಳು ಕಂಡಿವೆ. ಟಿಜಿಎಫ್-ಬೀಟಾ ಎಂಬ ಪ್ರೋಟೀನು ಕೂಸಿನ ಕರುಳಿಗೆ ಹೊಸ ಆಹಾರವನ್ನು ಸಹಿಸಲು ಕಲಿಸುತ್ತದೆ. ಅಂಥ ತಾಯಂದಿರ ಹಾಲಿನಲ್ಲಿ ಅದು ಕೆಲವು ಅಧ್ಯಯನಗಳಲ್ಲಿ ಕಡಿಮೆ ಕಂಡಿದೆ, ಕೆಲವುಗಳಲ್ಲಿ ಹಾಗೆ ಕಂಡಿಲ್ಲ. ಆದರೆ ಈ ವ್ಯತ್ಯಾಸದಿಂದಲೇ ಮಗುವಿಗೆ ಅಲರ್ಜಿ ಬರುತ್ತದೆಂದು ಸಾಬೀತಾಗಿಲ್ಲ. ಸೋಂಕು ತಡೆಯುವ ಐಜಿಎ ಪ್ರತಿಕಾಯಗಳು ಆ ಹಾಲಿನಲ್ಲೂ ಇರುತ್ತವೆ. ಅಲರ್ಜಿಯ ಒಲವು ಬರುವುದು ವಂಶದಿಂದ, ಅದೂ ಅಪ್ಪನ ಕಡೆಯಿಂದಲೂ. ಅಪ್ಪನ ಮಾತು ಮಾತ್ರ ಯಾರೂ ಎತ್ತುವುದಿಲ್ಲ!

ಆಮೇಲೆ ಪಥ್ಯ. ಶೇಂಗಾ ಬ್ಯಾಡ, ತತ್ತಿ ಬ್ಯಾಡ, ಕಮಲಾಪುರದ ಕೆಂಪು ಬಾಳೆಹಣ್ಣು ಥಂಡಿ, ಅದೂ ಬ್ಯಾಡ. ತಾಯಿ ಉಂಡದ್ದರ ಪ್ರೋಟೀನು ಅತಿ ಸಣ್ಣ ಪ್ರಮಾಣದಲ್ಲಿ ಹಾಲಿಗೆ ಇಳಿಯುವುದು ನಿಜ. ಆದರೂ ತಾಯಿಗೇ ಒಗ್ಗದ ಪದಾರ್ಥವನ್ನು ಬಿಟ್ಟರೆ, ಮುಂಜಾಗ್ರತೆಯ ಹೆಸರಿನ ಪಥ್ಯದಿಂದ ಮಗುವಿನ ಅಲರ್ಜಿ ತಪ್ಪುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ಸೊರಗುವವಳು ಬಾಣಂತಿ. ಕೂಸಿನ ಮಲದಲ್ಲಿ ರಕ್ತದ ಎಳೆ ಕಂಡರೆ ಮಕ್ಕಳ ಡಾಕ್ಟರಿಗೆ ತೋರಿಸಬೇಕು. ದನದ ಹಾಲಿನ ಅಲರ್ಜಿ ಎಂದು ಅನಿಸಿದರೆ ಅವರು ತಾಯಿಗೆ ಹಾಲು-ಮೊಸರನ್ನು ಕೆಲವು ವಾರ ಬಿಡಿಸಿ ನೋಡುತ್ತಾರೆ. ಆಗಲೂ ಮೊಲೆ ಬಿಡಿಸುವುದಿಲ್ಲ.

ದಮ್ಮಿನ ಇನ್‌ಹೇಲರ್ ಔಷಧ ಹಾಲಿಗೆ ಇಳಿಯುವುದು ತೀರಾ ಅಲ್ಪ. ಅದಕ್ಕೆ ಹೆದರಿ ಬಿಟ್ಟರೆ ದಮ್ಮೇ ಉಲ್ಬಣಿಸುತ್ತದೆ. ತೂಕಡಿಕೆ ತರುವ ಹಳೆಯ ಅಲರ್ಜಿ ಗುಳಿಗೆಗಳು ಕೂಸನ್ನೂ ಮಂಕು ಮಾಡಬಹುದು, ಹಾಗಾಗಿ ಗುಳಿಗೆಯನ್ನು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಅಂದಹಾಗೆ, ಹಾಲನ್ನು ಅನುಮಾನಿಸುವ ಮನೆಯಲ್ಲೇ ಬಾಣಂತಿಯ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಮೇಲೆ ಲೋಬಾನದ ಹೊಗೆ. ದಮ್ಮು ಕೆರಳಿಸುವುದು ಅದು. ಹಿರಿಯರಲ್ಲಿ ಕೇಳಿಕೊಳ್ಳುವುದಿಷ್ಟೇ: ಮೊದಲ 6 ತಿಂಗಳು ಕೂಸಿಗೆ ತಾಯಿಯ ಹಾಲೊಂದನ್ನೇ ಕುಡಿಸಿ, ಬಿಡಿಸುವುದಿದ್ದರೆ ಆ ಹೊಗೆಯನ್ನು ಬಿಡಿಸಿ.