ಕಾಣದ ದೋಷ, ಕಂಡ ಆರೋಪಿ

ಮಳೆಗಾಲದ ಬೆಳಗಿನಲ್ಲಿ ಶಿರಸಿಯಿಂದ ಸಿದ್ದಾಪುರಕ್ಕೆ ಹೋಗಿಬರುವವರಿಗೆ ದಾರಿಯ ಮಂಜಿನ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ. ಅಂಥದೊಂದು ಬೆಳಿಗ್ಗೆ ಕಾನಸೂರಿನ ಆಚೆ, ಏರೊಂದನ್ನು ಹತ್ತುವಾಗ ನನ್ನ ಹಳೆಯ ಮಾರುತಿ 800 ಉಸಿರು ಕಟ್ಟಿದಂತೆ ಮೂರು ನಾಲ್ಕು ಬಾರಿ ಮುಗ್ಗರಿಸಿತು; ಮರುಕ್ಷಣವೇ ಏನೂ ನಡೆದಿಲ್ಲವೆಂಬಂತೆ ಓಡತೊಡಗಿತು. ಗ್ಯಾರೇಜಿನವರು ಇದನ್ನು ‘ಮಿಸ್ಸಿಂಗ್’ ಎನ್ನುತ್ತಾರೆ. ಈ ಕಾರಿನ ಉತ್ಪಾದನೆ 2014ರಲ್ಲಿಯೇ ನಿಂತಿತು. ನನ್ನದು ಅದಕ್ಕೂ ಬಹಳ ಹಿಂದಿನದು, ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂದ ಮೊದಲ ವರ್ಷಗಳದ್ದು.

ಅದೇ ಮಧ್ಯಾಹ್ನ ಯಲ್ಲಾಪುರಕ್ಕೆ ಹೋಗುವ ಕೆಲಸವಿತ್ತು. ಅಲ್ಲಿಯ ಗ್ಯಾರೇಜೊಂದರಲ್ಲಿ ಕಾರನ್ನು ತೋರಿಸಿದೆ. ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ಇಂಜಿನ್ ಜೇನುಹುಳುವಿನಂತೆ ಒಂದೇ ಶ್ರುತಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. “ಏನೂ ಇಲ್ಲ ಫಾದರ್, ಗಾಡಿ ಚೆನ್ನಾಗಿದೆ” ಎಂದರು. ಡಾಕ್ಟರ ಮುಂದೆ ಕುಳಿತೊಡನೆ ಜ್ವರ ಇಳಿದುಹೋದ ರೋಗಿಯ ನಾಚಿಕೆ ನನ್ನದಾಯಿತು. ಪರೀಕ್ಷಿಸುವಾಗ ಕಾಣದ ದೋಷ ಇದೆಯೋ ಇಲ್ಲವೋ? ತತ್ವಶಾಸ್ತ್ರದ ತರಗತಿಯಲ್ಲಿ ಇಂಥ ಪ್ರಶ್ನೆಗಳನ್ನು ನಾವು ಬಹಳ ಹಗುರವಾಗಿ ಚರ್ಚಿಸುತ್ತಿದ್ದೆವು.

ದೋಷ ಕಣ್ಣಿಗೆ ಬೀಳದಿದ್ದಾಗ ಮನಸ್ಸು ಸುಮ್ಮನಿರುವುದಿಲ್ಲ, ಆರೋಪಿಯನ್ನು ಹುಡುಕುತ್ತದೆ. ನನಗೆ ಆರೋಪಿ ಸುಲಭವಾಗಿಯೇ ಸಿಕ್ಕಿದ. ಒಂದು ವಾರದ ಹಿಂದಷ್ಟೇ ಸಿದ್ದಾಪುರದ ಒಬ್ಬ ಯುವ ಮೆಕ್ಯಾನಿಕ್ ಈ ಕಾರಿನ ಪ್ಲಗ್‌ಗಳನ್ನು ಬದಲಿಸಿದ್ದ. ಅವನು ಪ್ಲಗ್ ಹಾಕಿದ, ಆಮೇಲೆ ಮಿಸ್ಸಿಂಗ್ ಶುರುವಾಯಿತು; ಆದ್ದರಿಂದ ಅವನೇ ಕಾರಣ. ಒಂದರ ನಂತರ ಬಂದದ್ದೆಲ್ಲ ಅದರಿಂದಲೇ ಬಂದದ್ದೆಂದು ತಿಳಿಯುವುದು ತಪ್ಪು ತರ್ಕವೆಂದು ಗುರುಮಠದಲ್ಲಿ ಕಲಿತಿದ್ದೆ, ಪರೀಕ್ಷೆಯಲ್ಲಿ ಉತ್ತರವನ್ನೂ ಸರಿಯಾಗಿಯೇ ಬರೆದಿದ್ದೆ. ಆದರೂ “ಆ ಹುಡುಗ ಹಳೆಯ ಪ್ಲಗ್ ಹಾಕಿರಬೇಕು” ಎಂದು ಮೂರು ಮನೆಗಳಲ್ಲಿ ಹೇಳಿಬಿಟ್ಟೆ. ‘ಇರಬೇಕು’ ಎಂಬ ಪದ ನನ್ನನ್ನು ಕಾಪಾಡುತ್ತದೆ ಎಂದುಕೊಂಡಿದ್ದೆ. ಕೇಳಿದವರು ಆ ಪದವನ್ನು ಬಿಟ್ಟು ಉಳಿದದ್ದನ್ನು ನೆನಪಿಟ್ಟುಕೊಂಡರು.

ಸಂಶಯ ಹುಟ್ಟುವುದಕ್ಕೆ ಸಂತ ತೋಮಾಸ್ ಅಕ್ವಿನಾಸರು ಮೂರು ಕಾರಣಗಳನ್ನು ಕೊಡುತ್ತಾರೆ: ಸಂಶಯಪಡುವವನ ಸ್ವಂತ ಕೆಟ್ಟತನ, ಎದುರಿನವನ ಮೇಲಿನ ಅಸಮಾಧಾನ, ದೀರ್ಘಕಾಲದ ಅನುಭವ. ವೃದ್ಧರು ಹೆಚ್ಚು ಸಂಶಯಿಗಳೆಂಬ ಅರಿಸ್ಟಾಟಲನ ಮಾತನ್ನು ಮೂರನೆಯದಕ್ಕೆ ಆಧಾರವಾಗಿ ನೆನೆಯುತ್ತಾರೆ. ಐವತ್ತು ದಾಟಿದ ನಾನು ನನ್ನ ಸಂಶಯವನ್ನು ಅನುಭವದ ಲೆಕ್ಕಕ್ಕೆ ಬರೆದುಕೊಂಡೆ. ಆದರೆ ಇಂಜಿನ್ನಿನ ವಿಷಯದಲ್ಲಿ ನನಗೆ ಅನುಭವವಾದರೂ ಎಲ್ಲಿತ್ತು? ಬಿಲ್ಲು ಹೆಚ್ಚಾಯಿತೆಂಬ ಚಿಕ್ಕ ಮುನಿಸು ಮಾತ್ರ ಇತ್ತು. ಅಂದರೆ ನನ್ನದು ಎರಡನೆಯ ಕಾರಣ.

ಮುಂದೆ ನಡೆದದ್ದು ಇನ್ನೂ ವಿಚಿತ್ರ. ಬೇರೊಂದು ಗ್ಯಾರೇಜಿನಲ್ಲಿ ಕಾರಿನ ಕಂಪ್ಯೂಟರಿನಲ್ಲಿ ಉಳಿದಿದ್ದ ಸಂಕೇತವನ್ನು ಓದಿದರು. ಅದು ಹೊಗೆಯ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರಿನತ್ತ ಬೆರಳು ತೋರಿಸುತ್ತಿತ್ತು. ಯಂತ್ರವೇ ಸಾಕ್ಷಿ ಹೇಳಿದ ಮೇಲೆ ಇನ್ನೇನು? ಸಾವಿರಾರು ರೂಪಾಯಿ ತೆತ್ತು ಹೊಸ ಸೆನ್ಸರ್ ಹಾಕಿಸಿದೆ. ನಾಲ್ಕು ದಿನ ಮಳೆ ಬಿಡುವು ಕೊಟ್ಟಿತ್ತು. ಕಾರು ಚೆನ್ನಾಗಿಯೇ ಓಡಿತು. ರೋಗ ವಾಸಿಯಾಯಿತೆಂದು ನಂಬಿದೆ. ಐದನೆಯ ದಿನ ಮಳೆಯೂ ಬಂತು, ಮಿಸ್ಸಿಂಗೂ ಬಂತು.

ಕೊನೆಗೆ ಶಿರಸಿಯ ಹಿರಿಯ ಮೇಸ್ತ್ರಿಯೊಬ್ಬರ ಬಳಿ ಹೋದೆ. ಅವರು ಬಾನೆಟ್ ತೆರೆಯಲಿಲ್ಲ, ಪ್ರಶ್ನೆ ಕೇಳಿದರು. ಬೆಳಿಗ್ಗೆಯೋ ಮಧ್ಯಾಹ್ನವೋ? ಏರಿನಲ್ಲೋ ಸಮತಟ್ಟಿನಲ್ಲೋ? ಇಂಜಿನ್ ಬಿಸಿಯಾದ ಮೇಲೂ ಬರುತ್ತದೆಯೋ? ನನಗೆ ಒಂದಕ್ಕೂ ಖಚಿತ ಉತ್ತರ ಗೊತ್ತಿರಲಿಲ್ಲ. “ನನಗೂ ಈಗ ಗೊತ್ತಿಲ್ಲ ಫಾದರ್. ಹದಿನೈದು ದಿನ ಬರೆದಿಟ್ಟು ಬನ್ನಿ” ಎಂದರು. ಗೊತ್ತಿಲ್ಲವೆಂದು ಹೇಳಿ, ಒಂದು ರೂಪಾಯಿಯನ್ನೂ ತೆಗೆದುಕೊಳ್ಳದೆ ಕಳಿಸಿದ ಮೊದಲ ಮನುಷ್ಯ ಅವರು.

ಪುಸ್ತಕದಲ್ಲಿ ಹನ್ನೊಂದು ಬಾರಿ ಬರೆದೆ. ಹನ್ನೊಂದೂ ತೇವದ ಹೊತ್ತಿನವು, ಹನ್ನೊಂದೂ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗಿನವು. ಮೇಸ್ತ್ರಿ ಅದನ್ನೋದಿ, ಕತ್ತಲಾದ ಮೇಲೆ ಬರಹೇಳಿದರು. ದೀಪವಾರಿಸಿ, ಇಂಜಿನ್ ಚಾಲೂ ಮಾಡಿ, ಕೈಯನ್ನು ದೂರವಿಟ್ಟುಕೊಂಡೇ ಪ್ಲಗ್‌ಗಳಿಗೆ ಹೋಗುವ ದಪ್ಪ ವೈರ್‌ಗಳ ಮೇಲೆ ನೀರನ್ನು ಮಂಜಿನಂತೆ ಸಿಂಪಡಿಸಿದರು. ನಡುವಿನ ವೈರಿನ ಮಗ್ಗುಲಿನಿಂದ ನೀಲಿ ಎಳೆಯೊಂದು ಪಕ್ಕದ ಕಬ್ಬಿಣಕ್ಕೆ ಚಟಚಟನೆ ಹಾರಿತು. ಇಂಜಿನ್ ಮುಗ್ಗರಿಸಿತು.

ಮೂರು ಸಿಲಿಂಡರಿನ ಈ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 25 ಬಾರಿ ಕಿಡಿ ಹಾರಬೇಕು. ಏರಿನಲ್ಲಿ ಸಿಲಿಂಡರಿನೊಳಗಿನ ಒತ್ತಡ ಹೆಚ್ಚುತ್ತದೆ; ಪ್ಲಗ್ಗಿನ ಸಂದಿಯನ್ನು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ವೈರಿನ ರಬ್ಬರ್ ಬಿರಿದು ತೇವಗೊಂಡಿದ್ದರೆ ವಿದ್ಯುತ್ತು ಕಷ್ಟದ ದಾರಿಯನ್ನು ಬಿಟ್ಟು ಅಲ್ಲಿಂದಲೇ ಸೋರಿಹೋಗುತ್ತದೆ. ಬಿಸಿಲಿನಲ್ಲಿ, ನಿಂತ ಗಾಡಿಯಲ್ಲಿ ಎಷ್ಟು ಹುಡುಕಿದರೂ ಇದು ಸಿಗುವುದಿಲ್ಲ. ಸೆನ್ಸರಿನದೂ ತಪ್ಪಿರಲಿಲ್ಲ. ಕಿಡಿ ತಪ್ಪಿದಾಗ ಉರಿಯದ ಆಮ್ಲಜನಕ ಹಾಗೆಯೇ ಹೊರಬರುತ್ತದೆ. ಸೆನ್ಸರ್ ಅದನ್ನು ಪ್ರಾಮಾಣಿಕವಾಗಿ ವರದಿ ಮಾಡುತ್ತದೆ. ಪೆಟ್ರೋಲ್ ಸಾಲದೆಂದು ಕಂಪ್ಯೂಟರ್ ತೀರ್ಮಾನಿಸಿ ಇನ್ನಷ್ಟು ಸುರಿಯುತ್ತದೆ. ಸಾಕ್ಷಿ ನಿಜ, ತೀರ್ಪು ಸುಳ್ಳು. ಆ ಹಳೆಯ ಕಂಪ್ಯೂಟರಿಗೆ ಬೇರೆ ಸಾಕ್ಷಿಯನ್ನು ಕರೆಯುವ ಶಕ್ತಿಯಿರಲಿಲ್ಲವೆಂದಾದರೂ ಹೇಳಬಹುದು. ನನಗೆ ಸಿದ್ದಾಪುರಕ್ಕೆ ಹೋಗಿ ಕೇಳುವ ಶಕ್ತಿಯಿತ್ತು.

ಪ್ಲಗ್ ಬದಲಿಸುವಾಗ ಹುಡುಗ ಎಳೆದದ್ದರಿಂದಲೇ ವೈರ್ ಬಿರಿದಿರಬಹುದೇ ಎಂದು ಆಗಲೂ ಕೇಳಿದೆ. (ಆರೋಪಿಯನ್ನು ಬಿಟ್ಟುಕೊಡುವುದು ಅಷ್ಟು ಕಷ್ಟ.) ಮೇಸ್ತ್ರಿ ವೈರನ್ನು ನನ್ನ ಕೈಗಿತ್ತರು. ಕೈ ಹಾಕಿ ಎಳೆಯುವ ತುದಿ ಗಟ್ಟಿಯಾಗಿಯೇ ಇತ್ತು. ಬಿರುಕಿದ್ದದ್ದು ನಡುಭಾಗದಲ್ಲಿ, ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಸವೆದ ಜಾಗದಲ್ಲಿ. “ಇದು ಒಂದು ದಿನದ ಸವೆತ ಅಲ್ಲ” ಎಂದರು.

ಮರುವಾರ ಸಿದ್ದಾಪುರಕ್ಕೆ ಹೋಗಿ ನಾನು ಆಡಿದ ಮಾತನ್ನು ಆ ಯುವಕನ ಮುಂದೆಯೇ ಹೇಳಿದೆ. ಅವನು ತಲೆಯೆತ್ತಲಿಲ್ಲ. “ಗೊತ್ತಾಗಿತ್ತು ಫಾದರ್” ಎಂದ. ಸ್ವಲ್ಪ ಹೊತ್ತಿನ ಮೇಲೆ ಕೈ ಒರೆಸಿಕೊಂಡು ಬಂದು, ಹೊಸ ವೈರ್ ಒಂದೇ ಹಾಕಿದ್ದೋ ಮೂರೂ ಹಾಕಿದ್ದೋ ಎಂದು ಕೇಳಿ ಬಾನೆಟ್ ಎತ್ತಿದ. ಆ ಮೂರು ಮನೆಗಳಿಗೂ ಹೋಗಿ ನಡೆದದ್ದನ್ನು ತಿಳಿಸಿದೆ. ಇಬ್ಬರು ಮತ್ತೆ ಅವನಲ್ಲಿಗೇ ಹೋಗುತ್ತಿದ್ದಾರೆ. ಮೂರನೆಯವರು ನನ್ನ ಮಾತನ್ನು ಪೂರ್ತಿ ಕೇಳಿ, ಕಾಫಿ ಕೊಟ್ಟು, “ಇರಲಿ ಫಾದರ್, ನಾವು ಈಗ ಶಿರಸಿಯಲ್ಲೇ ಮಾಡಿಸುತ್ತೇವೆ” ಎಂದರು.