ಒಂದು ಉದ್ಧರಣೆ ತೀರ್ಥದ ಲೆಕ್ಕ

ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋಗುವ ದಾರಿಯಲ್ಲಿ ನಾಮದ ಚಿಲುಮೆ ಇದೆ. ನಾಮ ಇಟ್ಟುಕೊಳ್ಳಲು ನೀರು ಸಿಗದೆ ರಾಮ ಬಂಡೆಗೆ ಬಾಣ ಹೊಡೆದಾಗ ಚಿಮ್ಮಿದ ಒರತೆ ಇದು ಎನ್ನುತ್ತದೆ ಐತಿಹ್ಯ. ಕಲ್ಲಿನ ಸಣ್ಣ ಕುಳಿಗೆ ಕೈಯಿಳಿಸಿ ನೀರು ಮುಟ್ಟಿದವರಿಗೆ ಒಂದು ಪ್ರಶ್ನೆ ಸಹಜ: ರಾಮ ಮುಟ್ಟಿದ ನೀರಿನ ಒಂದು ಕಣವಾದರೂ ಈ ಬೊಗಸೆಯಲ್ಲಿ ಇದ್ದೀತೆ?

ಉತ್ತರ ಬೇಕಾದರೆ ಕಣಗಳನ್ನು ಎಣಿಸಬೇಕು. ಅಕ್ಕಿಯನ್ನು ಯಾರೂ ಕಾಳು ಎಣಿಸಿ ಕೊಡುವುದಿಲ್ಲ, ಸೇರಿನಲ್ಲಿ ಅಳೆಯುತ್ತಾರೆ. ರಸಾಯನಶಾಸ್ತ್ರದ ಸೇರಿಗೆ ಮೋಲ್ ಎಂದು ಹೆಸರು. ಒಂದು ಮೋಲ್ ಎಂದರೆ 6.02214076×10²³ ಕಣಗಳು, 2019ರ ಮೇ 20ರಿಂದ ಇದೇ ಅಧಿಕೃತ ವ್ಯಾಖ್ಯೆ. ನೀರಿನಲ್ಲಾದರೆ ಒಂದು ಮೋಲ್ ತೂಗುವುದು ಬರೀ 18 ಗ್ರಾಂ. ಗುಬ್ಬಿಯ ಗುಡಿಯಲ್ಲಾಗಲಿ ಸಿದ್ಧಗಂಗೆಯಲ್ಲಾಗಲಿ ಅಂಗೈಗೆ ಬೀಳುವ ಒಂದು ಉದ್ಧರಣೆ ತೀರ್ಥ 6 ಮಿಲಿಲೀಟರ್ ಎಂದುಕೊಂಡರೆ, ಅದರಲ್ಲಿರುವ ಅಣುಗಳು 2ರ ಮುಂದೆ 23 ಸೊನ್ನೆ.

ಅದನ್ನು ಕುಣಿಗಲ್ ಕೆರೆಗೆ ಸುರಿಯೋಣ. ಕೆರೆಯಲ್ಲಿ ಸಾವಿರ ಕೋಟಿ ಲೀಟರ್ ನೀರಿದೆ ಎಂದು ಲೆಕ್ಕಕ್ಕೆ ಹಿಡಿದರೆ, ಚೆನ್ನಾಗಿ ಬೆರೆತ ಮೇಲೆ ಯಾವ ಮೂಲೆಯಲ್ಲಿ ಉದ್ಧರಣೆ ಅದ್ದಿದರೂ ಸುಮಾರು 12 ಸಾವಿರ ಕೋಟಿ ತೀರ್ಥದ ಅಣುಗಳು ಸಿಗುತ್ತವೆ. ಜಗತ್ತಿನ ಸಮುದ್ರಗಳಿಗೆಲ್ಲ ಬೆರೆಸಿದರೂ ಉದ್ಧರಣೆಗೆ ಹೆಚ್ಚುಕಡಿಮೆ ಒಂದು ಅಣು ಉಳಿದೀತು.

ಭಕ್ತರು ಹಿಗ್ಗಬಹುದು. ಆದರೆ ಈ ಲೆಕ್ಕಕ್ಕೆ ಪಕ್ಷಪಾತವಿಲ್ಲ. ತೀರ್ಥ ಎಲ್ಲೆಡೆ ತಲುಪಿದ ಹಾಗೆಯೇ ಚರಂಡಿಯ ನೀರೂ ತೀರ್ಥದ ಬಟ್ಟಲಿಗೆ ಬಂದಿರುತ್ತದೆ.

ಇನ್ನೊಂದು ತೊಡಕೂ ಇದೆ. ನೀರಿನ ಅಣು ಅಕ್ಕಿಕಾಳಿನ ಹಾಗೆ ಗಟ್ಟಿ ಕಾಳಲ್ಲ. ಅದರ ಹೈಡ್ರೋಜನ್ ಪಕ್ಕದ ಅಣುವಿಗೆ ಜಿಗಿಯುತ್ತಲೇ ಇರುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತಿನಲ್ಲೇ ಜೊತೆ ಬದಲಾಗುತ್ತದೆ. ಸುರಿದ ಅಣು ಸುರಿದ ಹಾಗೇ ಉಳಿಯದಿದ್ದ ಮೇಲೆ ‘ಅದೇ ನೀರು’ ಎನ್ನುವುದು ಯಾವುದನ್ನು? ವೀರಶೈವರ ಅಷ್ಟಾವರಣದಲ್ಲಿ ಗುರುವಿನ ಪಾದ ತೊಳೆದ ನೀರು, ಅಂದರೆ ಪಾದೋದಕವೂ ಒಂದು. ಅದನ್ನು ಪಾದೋದಕವಾಗಿಸುವುದು ಗುರು-ಶಿಷ್ಯರ ನಂಟೇ ಹೊರತು ಕಣಗಳ ಎಣಿಕೆಯಲ್ಲ. ಹಾಗಾಗಿ ತೀರ್ಥವನ್ನು ಅಣು ಎಣಿಸಿ ಸಮರ್ಥಿಸುವುದೂ ಹುಸಿ, ಅಣು ಎಣಿಸಿ ಗೇಲಿ ಮಾಡುವುದೂ ಹುಸಿ.

ಮೈಲಿಗೆಯ ಮಾತು ಬೇರೆ. ಅದು ನೀರಿಗೇ ಅಂಟುತ್ತದೆ ಎಂದು ವಾದಿಸಿದವರು ಈ ಲೆಕ್ಕಕ್ಕೆ ಉತ್ತರ ಕೊಡಲೇಬೇಕು. ಒಂದೇ ಮೋಡ, ಒಂದೇ ಅಂತರ್ಜಲ ಎಲ್ಲರ ಬಾವಿಗಳನ್ನೂ ಬೆರೆಸಿ ಎಷ್ಟೋ ಕಾಲವಾಗಿದೆ. ಆದರೂ 1927ರ ಮಾರ್ಚ್ 20ರಂದು ಅಸ್ಪೃಶ್ಯರೆನಿಸಿಕೊಂಡವರಿಗೆ ನಿರಾಕರಿಸಿದ್ದ, ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆಯಲ್ಲಿ ಅಂಬೇಡ್ಕರ್ ಮತ್ತು ಸಂಗಡಿಗರು ಬೊಗಸೆ ನೀರು ಕುಡಿದ ಮೇಲೆ, ಊರಿನ ಸನಾತನಿಗಳು ಸೆಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಕೊಡಗಳಿಂದ ಆ ಕೆರೆಯನ್ನು ‘ಶುದ್ಧಿ’ ಮಾಡಿದರು.