ಮಗುವಿನ ಬಾಯಲ್ಲಿ ಇಡುವ ಮಾತು

ಅಂತರಂಗ ಬಹಿರಂಗಗಳ ಶುದ್ಧಿಗಾಗಿ ಅಣ್ಣ ಬಸವಣ್ಣನವರು ಏಳು ನಿಷೇಧಗಳನ್ನು ಹೇಳಿದ ವಚನವನ್ನು ಶರಣರ ಮನೆಗಳಲ್ಲಿ ಅಕ್ಷರ ಬರುವ ಮೊದಲೇ ಮಕ್ಕಳಿಗೆ ಬಾಯಿಪಾಠ ಮಾಡಿಸುವದುಂಟು. ತೊದಲು ನುಡಿಯುವ ಕೂಸು ಅದನ್ನು ಒಪ್ಪಿಸಿದಾಗ ಬಂದ ನೆಂಟರು ಕೆನ್ನೆ ಸವರಿ ಕಲ್ಲುಸಕ್ಕರೆ ಕೊಡುತ್ತಾರೆ. ಆ ಏಳರಲ್ಲಿ ಮೊದಲನೆಯದು ಕಳವನ್ನು ಕುರಿತದ್ದು. ಮೂರನೆಯದು ಹುಸಿಯನ್ನು ಕುರಿತದ್ದು. ಕಳವು ನಡೆದ ಮನೆಯಲ್ಲಿ ಹುಸಿ ತಾನಾಗಿ ಹಿಂಬಾಲಿಸುವದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಹುಸಿಯನ್ನು ಯಾರ ಬಾಯಿಂದ ನುಡಿಸಲಾಗುವದು? ಅನೇಕ ವೇಳೆ ವಚನವನ್ನು ಒಪ್ಪಿಸಿದ ಅದೇ ಕೂಸಿನ ಬಾಯಿಂದ. ಗೃಹಸ್ಥರಾದ ಭಕ್ತರು ನಿಂತು ಯೋಚಿಸಬೇಕಾದ ಸ್ಥಳವಿದು.

ಶಿಕಾರಿಪುರದ ಕಡೆಯ ಒಂದು ಮನೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಒಕ್ಕಲುತನದ ಮನೆ, ಅಜ್ಜ ನೇಮ ನಿಷ್ಠೆಯವನು, ಮಗ, ಸೊಸೆ, ಇನ್ನೂ ಮದುವೆಯಾಗದ ಕಿರಿಯ ಮಗ, ಆರು ವರ್ಷದ ಮೊಮ್ಮಗ. ಕಿರಿಯವನು ಕೆಟ್ಟ ಸಂಗಡಿಗರ ಜೊತೆ ಸೇರಿ ಕಾಡಿನಿಂದ ಶ್ರೀಗಂಧದ ತುಂಡುಗಳನ್ನು ತಂದು ಅಟ್ಟದ ಮೇಲೆ ಹುಲ್ಲಿನಡಿ ಇಟ್ಟಿದ್ದಾನೆ. ಗಂಧದ ಮರದ ಕಥೆ ಆ ನಾಡಿನಲ್ಲಿ ಹಳೆಯದು. 1792ರಲ್ಲಿ ಟೀಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದನು. ಅಲ್ಲಿಂದ ಇನ್ನೂರು ವರ್ಷಕ್ಕೂ ಮಿಕ್ಕಿ ಸ್ವಂತ ಹೊಲದಲ್ಲಿ ಹುಟ್ಟಿದ ಗಂಧವೂ ಸರಕಾರದ್ದೇ ಆಗಿತ್ತು. 2001ರ ತಿದ್ದುಪಡಿಯಿಂದ ಹೊಲದ ಮರ ಹೊಲದವನದಾಯಿತು. ಅದಕ್ಕೂ ಕಡಿದು ಸಾಗಿಸಲು ಅಪ್ಪಣೆ ಬೇಕು. ಕಾಡಿನ ಮರವಂತೂ ಎಂದೂ ಕಳ್ಳನದಲ್ಲ. ಲಿಂಗಕ್ಕೆ ಅರ್ಪಿತವಾಗುವ ಗಂಧವೇ ಕಳವಿನ ಮಾಲಾಗಿ ಅಟ್ಟ ಸೇರಿದೆ. ವಾಸನೆ ಮನೆಯೊಳಗೆಲ್ಲ ಹಬ್ಬಿದೆ. ಅದನ್ನು ಮುಚ್ಚಲು ಊದಿನಕಡ್ಡಿ ಹಚ್ಚಿದ್ದಾರೆ.

ಪೋಲೀಸರು ಬರುವ ಸುದ್ದಿ ಹತ್ತಿದೊಡನೆ ಅಜ್ಜ ಮೊಮ್ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡು, "ಯಾರು ಏನು ಕೇಳಿದರೂ ಗೊತ್ತಿಲ್ಲ ಅನ್ನು, ತಮ್ಮಾ" ಎಂದು ಹೇಳಿಕೊಡುತ್ತಾನೆ. ಫೌಜದಾರರು ಬಂದು ಪಡಸಾಲೆಯಲ್ಲಿ ಕುಳಿತು ನೀರು ಕೇಳುತ್ತಾರೆ. ಹುಡುಗನೇ ತಂಬಿಗೆ ತಂದು ಕೊಡುತ್ತಾನೆ. "ಏನಪಾ, ನಿಮ್ಮ ಕಾಕಾ ರಾತ್ರಿ ಮನೆಗೆ ಬಂದಿದ್ದನೇನು?" ಹುಡುಗ ಅಜ್ಜನ ಮುಖ ನೋಡುತ್ತಾನೆ. ಕಲಿಸಿದ ಮಾತನ್ನು ತಪ್ಪದೆ ಒಪ್ಪಿಸುತ್ತಾನೆ: "ಗೊತ್ತಿಲ್ರೀ. ಅಟ್ಟದ ಮ್ಯಾಲೆ ಏನೂ ಇಲ್ಲ."

ಅಟ್ಟದ ವಿಷಯವನ್ನು ಫೌಜದಾರರು ಕೇಳಿರಲಿಲ್ಲ. ಎಲ್ಲರ ಕಣ್ಣೂ ಮೇಲಕ್ಕೆ ಹೋಗುತ್ತವೆ.

ಇದನ್ನು ಕೇಳಿ ನಗು ಬರಬಹುದು. ಆದರೆ ಮಗುವಿನ ಸ್ವಭಾವವೇ ಹಾಗೆ. ಬೆನ್ನ ಹಿಂದೆ ಒಂದು ಆಟದ ಸಾಮಾನು ಇಟ್ಟು, ತಿರುಗಿ ನೋಡಬೇಡವೆಂದು ಹೇಳಿ, ದೊಡ್ಡವರು ಕೋಣೆಯಿಂದ ಹೊರಗೆ ಹೋಗುವ ಒಂದು ಪರೀಕ್ಷೆಯನ್ನು ಮನಶ್ಶಾಸ್ತ್ರಜ್ಞರು ಅನೇಕ ದೇಶಗಳಲ್ಲಿ ಮಾಡಿ ನೋಡಿದ್ದಾರೆ. ಹೆಚ್ಚಿನ ಮಕ್ಕಳು ತಿರುಗಿ ನೋಡುತ್ತಾರೆ. ಮೂರು ವರ್ಷದವರಲ್ಲಿ ಅನೇಕರು ಕೇಳಿದೊಡನೆ ಒಪ್ಪಿಕೊಳ್ಳುತ್ತಾರೆ. ನಾಲ್ಕು ದಾಟಿದವರಲ್ಲಿ ಬಹುಮಂದಿ ನೋಡಿಲ್ಲವೆನ್ನುತ್ತಾರೆ. ಆದರೆ "ಹಾಗಾದರೆ ಅದು ಏನಿರಬಹುದು?" ಎಂದು ಮತ್ತೆ ಕೇಳಿದರೆ ಆ ಸಾಮಾನಿನ ಹೆಸರನ್ನೇ ಹೇಳಿಬಿಡುತ್ತಾರೆ. ಹುಸಿಯನ್ನು ಆಡಲು ಬರುವದು ಮೊದಲು. ಆಡಿದ ಹುಸಿಯನ್ನು ಕಾಯ್ದುಕೊಳ್ಳಲು ಬರುವದು ಎಷ್ಟೋ ವರ್ಷಗಳ ಮೇಲೆ. ಆ ಎರಡನೆಯ ವಿದ್ಯೆಯನ್ನು ಕಲಿಸುವವರು ಹಿರಿಯರೇ ಎಂಬುದು ವಿಷಾದದ ಸಂಗತಿ.

ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ ಎಂಬ ವಿದ್ವಾಂಸನು ಮಕ್ಕಳ ನೀತಿವಿವೇಕವನ್ನು ಕುರಿತು 1932ರಲ್ಲಿ ಒಂದು ಗ್ರಂಥವನ್ನು ಬರೆದನು. ಆಕಳಿನಷ್ಟು ದೊಡ್ಡ ನಾಯಿಯನ್ನು ಕಂಡೆನೆಂದು ಹೇಳಿದ ಹುಡುಗ ಕೆಟ್ಟವನೋ, ಶಾಲೆಯಲ್ಲಿ ಒಳ್ಳೆಯ ಗುಣಾಂಕ ಬಂತೆಂದು ತಾಯಿಗೆ ಸುಳ್ಳು ಹೇಳಿದ ಹುಡುಗ ಕೆಟ್ಟವನೋ ಎಂದು ಕೇಳಿದಾಗ, ಎಳೆಯ ಮಕ್ಕಳು ನಾಯಿಯ ಕಥೆ ಹೇಳಿದವನನ್ನೇ ಹೆಚ್ಚು ಕೆಟ್ಟವನೆಂದರು. ಅಷ್ಟು ದೊಡ್ಡ ನಾಯಿ ಇರಲಾರದೆಂಬುದೇ ಅವರ ನ್ಯಾಯ! ಮೋಸಗೊಳಿಸುವ ಉದ್ದೇಶವನ್ನು ಅಳೆಯುವ ತಕ್ಕಡಿ ಆ ವಯಸ್ಸಿನಲ್ಲಿ ಇನ್ನೂ ತೂಗಹತ್ತಿರುವದಿಲ್ಲ. ಅಂಥ ಮಗುವಿಗೆ 'ಇದು ಮನೆತನದ ಮರ್ಯಾದೆಗಾಗಿ ಆಡುವ ಸುಳ್ಳು, ಆದ್ದರಿಂದ ಸುಳ್ಳಲ್ಲ' ಎಂದು ಹೇಳಿಕೊಟ್ಟರೆ ಅದು ಏನನ್ನು ತಿಳಿದೀತು? ಬಲವುಳ್ಳವರು ಹೇಳಿದ್ದೇ ಸತ್ಯವೆಂದು ತಿಳಿಯುವದು, ಅಷ್ಟೆ.

ಕಲ್ಪಿಸಿದ ಮನೆಯಲ್ಲಿ ಮುಂದೆ ನಡೆಯುವದು ಇನ್ನೂ ಕಠಿಣವಾದದ್ದು. ಕೊರಡುಗಳು ಕೆಳಗಿಳಿಯುತ್ತವೆ, ಕಿರಿಯವನನ್ನು ಕರೆದೊಯ್ಯುತ್ತಾರೆ; ಆಮೇಲೆ ಮನೆಯವರ ಸಿಟ್ಟೆಲ್ಲ ಹುಡುಗನ ಮೇಲೆ ತಿರುಗುತ್ತದೆ. ಮನೆಮುರುಕನೆಂಬ ಹೆಸರು ಆರು ವರ್ಷದವನಿಗೆ ಬೀಳುತ್ತದೆ. ಅವನು ಮಾಡಿದ ತಪ್ಪಾದರೂ ಏನು? ಸತ್ಯ ನುಡಿಯಬೇಕೆಂದು ಅವನು ಹಟ ಹಿಡಿದಿರಲಿಲ್ಲ. ಅಜ್ಜ ಹೇಳಿದಂತೆಯೇ ಹುಸಿ ನುಡಿದನು. ಕದ್ದವನು ಕಾಕಾ, ಅಡಗಿಸಿದವನು ಅಪ್ಪ, ಹುಸಿಯನ್ನು ಕಲಿಸಿದವನು ಅಜ್ಜ. ಹೊಡೆತ ತಿಂದವನು ಮೊಮ್ಮಗ. ಏಳು ವರ್ಷ ತುಂಬದ ಮಗು ಮಾಡಿದ ಯಾವ ಕೃತ್ಯವೂ ಅಪರಾಧವಲ್ಲವೆಂದು ರಾಜ್ಯದ ಕಾನೂನು ಬಿಟ್ಟಿದೆ. ಮನೆಯ ಕಾನೂನಿನಲ್ಲಿ ಆ ದಯೆಯೂ ಇಲ್ಲದಂತಾಯಿತು.

ರಾಜ್ಯದ ಕಾನೂನಿನ ಮಾತು ಬಂದುದರಿಂದ ಗೃಹಸ್ಥರು ತಿಳಿದಿರಬೇಕಾದ ಒಂದೆರಡು ಸಂಗತಿಗಳಿವೆ. ಸಾಕ್ಷಿ ಹೇಳುವದಕ್ಕೆ ಇಂತಿಷ್ಟೇ ವಯಸ್ಸಾಗಿರಬೇಕೆಂಬ ನಿರ್ಬಂಧವು 1872ರ ಸಾಕ್ಷ್ಯ ಅಧಿನಿಯಮದಲ್ಲಿ ಇರಲಿಲ್ಲ. ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇಲ್ಲ. ಕೇಳಿದ್ದನ್ನು ಅರಿತು ತಕ್ಕ ಉತ್ತರ ಕೊಡಬಲ್ಲ ಮಗುವಿನ ಮಾತನ್ನು ನ್ಯಾಯಾಲಯ ಕೇಳಬಹುದು. ಹನ್ನೆರಡು ವರ್ಷದೊಳಗಿನವರಿಗೆ ಪ್ರಮಾಣ ಮಾಡಿಸುವದು ಕಡ್ಡಾಯವಲ್ಲವೆಂದು 1969ರ ಪ್ರಮಾಣವಚನ ಕಾಯಿದೆ ಹೇಳುತ್ತದೆ. ಹದಿನೈದು ವರ್ಷದೊಳಗಿನ ಮಗುವನ್ನು ಸಾಕ್ಷಿಗೆಂದು ಠಾಣೆಗೆ ಕರೆಸಕೂಡದು. ಅದು ಇರುವ ಮನೆಯಲ್ಲಿಯೇ ವಿಚಾರಿಸಬೇಕು. ಇನ್ನು ಅಪರಾಧಿಯನ್ನು ಅಡಗಿಸಿದವರ ವಿಷಯ: ಗಂಡನನ್ನು ಹೆಂಡತಿ, ಹೆಂಡತಿಯನ್ನು ಗಂಡ ಅಡಗಿಸಿದರೆ ಕಾನೂನು ಕ್ಷಮಿಸುತ್ತದೆ, ತಂದೆತಾಯಿಗಳಿಗೂ ಒಡಹುಟ್ಟಿದವರಿಗೂ ಆ ವಿನಾಯಿತಿಯಿಲ್ಲ. ತಾಯಿಯ ಕರುಳನ್ನು ಬಲ್ಲವರಿಗೆ ಇದು ಕಟುವೆಂದು ತೋರಬಹುದು. ಆದರೂ ಇರುವದು ಹೀಗೆ.

ಹಾಗಾದರೆ ಪೋಲೀಸರಿಂದ ಮರೆಮಾಡಿದ್ದೆಲ್ಲವೂ ಪಾಪವೇ? ಹಾಗೆನ್ನಲು ಬಾರದು. ಅದೇ ಶಿಕಾರಿಪುರ ತಾಲೂಕಿನ ಈಸೂರಿನ ಜನ 1942ರಲ್ಲಿ ತಮ್ಮ ಊರು ಸ್ವತಂತ್ರವೆಂದು ಸಾರಿದರು. ಆ ಸೆಪ್ಟೆಂಬರಿನ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. ಬಳಿಕ ಸೈನ್ಯವೂ ಪೋಲೀಸರೂ ಊರಿನ ಮೇಲೆ ಬಿದ್ದರು, ಜನ ಕಾಡು ಸೇರಿದರು, 1943ರ ಮಾರ್ಚಿಯಲ್ಲಿ ಐವರು ಗಲ್ಲಿಗೇರಿದರು. ಅಂಥ ದಿನಗಳಲ್ಲಿ ಹಸಿದು ಬಂದವನನ್ನು ಬಾಗಿಲೊಳಗೆ ಕರೆದುಕೊಂಡ ತಾಯಿಯನ್ನು ಗಂಧದ ಕಳ್ಳನ ಸಾಲಿನಲ್ಲಿ ನಿಲ್ಲಿಸುವವನು ಧರ್ಮಸೂಕ್ಷ್ಮವನ್ನು ಅರಿಯದವನು. ಆದರೆ ಅಲ್ಲಿಯೂ ಒಂದು ಭೇದವನ್ನು ಗಮನಿಸಬೇಕು. ಕಾರಣವನ್ನು ನಂಬಿ ಅಡಗಿಸಿದವರು ಅದರ ಫಲವನ್ನು ತಾವೇ ಉಣ್ಣಲು ಸಿದ್ಧರಾಗಿರಬೇಕು. ಬೆನ್ನನ್ನು ತಾವು ಒಡ್ಡಬೇಕಲ್ಲದೆ ಮಗುವಿನ ಬಾಯನ್ನು ಒಡ್ಡಬಾರದು. ಮಗುವಿಗೆ ಕಾಣಿಸದಂತೆ ಇಡುವದು ಒಂದು, ಕಂಡದ್ದನ್ನು ಕಂಡಿಲ್ಲವೆನ್ನಿಸುವದು ಇನ್ನೊಂದು. "ನಮ್ಮ ಅಪ್ಪನ್ನ ಕೇಳ್ರಿ" ಎಂದು ಹೇಳುವ ಮಗು ಹುಸಿ ನುಡಿದಂತಾಗಲಿಲ್ಲ. ಹೊಣೆಯನ್ನು ಅದು ಇರಬೇಕಾದ ಹೆಗಲಿಗೆ ತಿರುಗಿಸಿತು.

ಇದಕ್ಕೆ ತದ್ವಿರುದ್ಧವಾದ ಅತಿರೇಕವೂ ಲೋಕದಲ್ಲಿ ನಡೆದಿದೆ. 1932ರಲ್ಲಿ ಕೊಲೆಯಾದ ಪಾವ್ಲಿಕ್ ಮೊರೊಝೊವ್ ಎಂಬ ಬಾಲಕನು ತನ್ನ ತಂದೆಯ ಮೇಲೆಯೇ ದೂರಿತ್ತನೆಂದು ಸಾರಿ, ಸೋವಿಯತ್ ಆಳರಸರು ಅವನ ಪ್ರತಿಮೆಗಳನ್ನು ನಿಲ್ಲಿಸಿ ಮಕ್ಕಳಿಗೆ ಆದರ್ಶವೆಂದು ಬೋಧಿಸಿದರು. ಆ ಕಥೆಯ ಬಹುಭಾಗ ಕಟ್ಟಿದ್ದೆಂದು ಇತಿಹಾಸಕಾರರು ಅನಂತರ ತೋರಿಸಿದರು. ಮಿಠಾಯಿ ತೋರಿಸಿ ಮಗುವಿನಿಂದ ಮನೆಯ ಗುಟ್ಟು ಎತ್ತುವ ಅಧಿಕಾರಿಯೂ ಕಣ್ಣು ಕೆಂಪು ಮಾಡಿ ಬಾಯಿ ಮುಚ್ಚಿಸುವ ಕಾಕನೂ ಮಗುವನ್ನು ಆಯುಧವಾಗಿ ಬಳಸಿದವರೇ.

ಮಗುವಿನ ದಿಟ ಮನೆಯನ್ನು ಉಳಿಸುವ ಸಂದರ್ಭಗಳೂ ಉಂಟು. ಇದನ್ನು ಮಠದ ಭಕ್ತರು ವಿಶೇಷವಾಗಿ ಗಮನಿಸತಕ್ಕದ್ದು. ಹದಿನೆಂಟು ತುಂಬದ ಹುಡುಗಿಯ ಕೊರಳಿಗೆ ತಾಳಿ ಕಟ್ಟಿಸುವದನ್ನು 2006ರ ಕಾಯಿದೆ ನಿಷೇಧಿಸಿದೆ; ಕರ್ನಾಟಕದ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಹಂದರ ಹಾಕಿದ ಮನೆಗೆ ಅಧಿಕಾರಿಗಳು ಬಂದಾಗ ಹಿರಿಯರೆಲ್ಲ ಒಂದೇ ದನಿಯಲ್ಲಿ ಹತ್ತೊಂಬತ್ತು ವರ್ಷವೆನ್ನುತ್ತಾರೆ. ಆಗ ಮೂಲೆಯಲ್ಲಿ ನಿಂತ ತಮ್ಮನು "ನಮ್ಮ ಅಕ್ಕ ಒಂಬತ್ತನೇತ್ತೆ ಕಲಿತಾಳ್ರೀ" ಎಂದುಬಿಟ್ಟರೆ? ಹಂದರ ಬಿಚ್ಚಬೇಕಾಗುವದು, ಮಾಡಿದ ಅಡಿಗೆ ಉಳಿಯುವದು, ನೆಂಟರ ಮುಂದೆ ತಲೆ ತಗ್ಗುವದು. ಹುಡುಗಿ ಮಾತ್ರ ಶಾಲೆಗೆ ಹೋಗುವಳು. ಆ ತಮ್ಮನಿಗೆ ಹೊಡೆಯಲು ಕೈ ಎತ್ತಿದವನು ತಾನು ಯಾರ ಪಕ್ಷದಲ್ಲಿದ್ದೇನೆಂದು ಕ್ಷಣಕಾಲ ಯೋಚಿಸಲಿ. ಹಾಗೆಯೇ ಮನೆಯಲ್ಲಿ ಮಗುವಿಗೇ ಪೆಟ್ಟು ಬೀಳುತ್ತಿದ್ದರೆ, ಕೇಡು ನಡೆಯುತ್ತಿದ್ದರೆ, ಅದನ್ನು 'ಮನೆಯ ಮಾತು' ಎಂದು ಅಡಗಿಸಲು ಯಾವ ಶರಣರ ಅಪ್ಪಣೆಯೂ ಇಲ್ಲ. 1098 ಎಂಬ ದೂರವಾಣಿಯ ಅಂಕಿಯನ್ನು ಮಕ್ಕಳಿಗೆ ಹೇಳಿಕೊಟ್ಟರೆ ಮನೆತನಕ್ಕೆ ಕುಂದಿಲ್ಲ.

ಕಲ್ಯಾಣದ ಶರಣರ ಮನೆಗಳಲ್ಲಿ ಗುಟ್ಟಿಗೆ ಇಷ್ಟು ಸ್ಥಳವಿರಲಿಲ್ಲ. ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಅಣ್ಣನವರ ಮೇಲೆ ಹಣ ದುಂದು ಮಾಡಿದರೆಂಬ ದೂರು ಬಂದಾಗ, ಲೆಕ್ಕವನ್ನೇ ಮುಂದಿಟ್ಟರೆಂದು ಚರಿತ್ರೆಗಳು ಹೇಳುತ್ತವೆ. ಕಸಗುಡಿಸುವ ಕಾಯಕದ ಸತ್ಯಕ್ಕನು ದಾರಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಮುಟ್ಟೆನೆಂದು ಭಾಷೆಯಿತ್ತಳು; ಆಕೆಯನ್ನು ಯಾರೂ ಕಾಯುತ್ತಿರಲಿಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಹೆಂಡತಿ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರಲು ಹೇಳಿದಳು. ಆ ಅಕ್ಕಿ ಕದ್ದದ್ದೂ ಅಲ್ಲ, ಬಿದ್ದದ್ದನ್ನು ಆಯ್ದದ್ದು. ಆದರೂ ಒಳಗೆ ಇಡಲಿಲ್ಲ. ಮೊದಲ ದಿನವೇ ಗಂಧದ ತುಂಡು ಕಂಡಾಗ ಇದನ್ನು ಹೊರಗೆ ಒಯ್ಯಿ ಎನ್ನುವ ಒಬ್ಬ ಲಕ್ಕಮ್ಮ ಆ ಮನೆಯಲ್ಲಿದ್ದಿದ್ದರೆ ಮೊಮ್ಮಗನಿಗೆ ಪಾಠ ಹೇಳಿಕೊಡುವ ಪ್ರಸಂಗ ಬರುತ್ತಿರಲಿಲ್ಲ.

ಮಕ್ಕಳಿಗೆ ಸತ್ಯವನ್ನು ಹೇಗೆ ಕಲಿಸಬೇಕೆಂಬುದರ ಮೇಲೆಯೂ ಪರೀಕ್ಷೆಗಳಾಗಿವೆ. 2014ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಮೂರರಿಂದ ಏಳು ವರ್ಷದ ಮಕ್ಕಳಿಗೆ ಕಥೆ ಹೇಳಿ ನೋಡಿದರು. ಸುಳ್ಳು ಹೇಳಿ ಶಿಕ್ಷೆಯುಂಡವರ ಕಥೆ ಕೇಳಿದ ಮಕ್ಕಳಲ್ಲಿ ಸುಳ್ಳು ಕಡಿಮೆಯಾಗಲಿಲ್ಲ. ತಪ್ಪನ್ನು ಒಪ್ಪಿಕೊಂಡು ತಂದೆಯ ಮೆಚ್ಚುಗೆ ಪಡೆದ ಬಾಲಕನ ಕಥೆ ಕೇಳಿದವರು ಹೆಚ್ಚಾಗಿ ದಿಟ ಹೇಳಿದರು. ದಿಟ ಹೇಳುವೆನೆಂದು ಮೊದಲು ಮಾತು ತೆಗೆದುಕೊಂಡರೂ ಮಕ್ಕಳು ಅದನ್ನು ನಡೆಸುತ್ತಾರೆಂದು ಬೇರೆ ಪರೀಕ್ಷೆಗಳು ತೋರಿಸಿವೆ. ಬೆತ್ತದ ಬಲವನ್ನು ಬಹಳವಾಗಿ ನಂಬಿರುವವರು ಇದನ್ನು ಮನಗಾಣಬೇಕು.

ಆ ಮನೆಯ ಕಥೆಯನ್ನು ಅರ್ಧಕ್ಕೆ ಬಿಡಬಾರದು. ಮರುದಿನ ಬೆಳಗಿನ ಜಾವ ಅಜ್ಜ ಮಿಂದು ಪೂಜೆಗೆ ಕೂಡುತ್ತಾನೆ. ಎಂದಿನಂತೆ ಮೊಮ್ಮಗನೂ ಬಂದು ಪಕ್ಕದಲ್ಲಿ ಕುಳಿತು ತನ್ನ ಪುಟ್ಟ ಕರಡಿಗೆಯನ್ನು ಬಿಚ್ಚುತ್ತಾನೆ. ಹುಟ್ಟಿದ ಕೆಲವೇ ದಿನಗಳಲ್ಲಿ ಕಟ್ಟಿದ ಲಿಂಗ ಅದು. ಅಂಗೈಯಲ್ಲಿಟ್ಟು ವಿಭೂತಿ ಹಚ್ಚುವದನ್ನು ಈ ವರ್ಷವಷ್ಟೇ ಕಲಿತಿದ್ದಾನೆ. ಕೆನ್ನೆಯ ಮೇಲೆ ಬೆರಳಿನ ಗುರುತು ಇನ್ನೂ ಮಾಸಿಲ್ಲ. ಸ್ವಲ್ಪ ಹೊತ್ತು ಲಿಂಗವನ್ನೇ ನೋಡಿ, "ಅಜ್ಜಾ, ದೇವರು ಕೇಳಿದರೂ ಗೊತ್ತಿಲ್ಲ ಅನ್ನಬೇಕೇನು?" ಎನ್ನುತ್ತಾನೆ.

ಅಜ್ಜನ ಕೈ ಪೂಜೆಯ ನಡುವೆ ನಿಲ್ಲುತ್ತದೆ. ಉತ್ತರ ಕೊಡುವದಿಲ್ಲ. ಪೂಜೆ ಮುಗಿದ ಮೇಲೆ ರುಮಾಲು ಸುತ್ತಿಕೊಂಡು, ಕೋಲು ಹಿಡಿದು, ಹಿರಿಯ ಮಗನನ್ನು ಕೂಗಿ, "ಗಾಡಿ ಹೂಡು, ಠಾಣೆಗೆ ಹೋಗಬೇಕು. ನಾನು ನಿನ್ನೆ ಹೇಳದೇ ಬಿಟ್ಟದ್ದು ಇದೆ" ಎನ್ನುತ್ತಾನೆ. ಹುಡುಗನು ತಾನೂ ಬರುವೆನೆಂದು ಹಟ ಮಾಡುತ್ತಾನೆ. "ಬ್ಯಾಡ ತಮ್ಮಾ, ನೀನು ಸಾಲಿಗೆ ಹೋಗು" ಎಂದು ಅಜ್ಜ ಅವನ ಕೆನ್ನೆ ಸವರಿ ಹೊಸ್ತಿಲು ದಾಟುತ್ತಾನೆ.